ಯಾರು ತಂದದ್ದು?

ಮಾನ್ಯ ಅಧ್ಯಕ್ಷರೇ, ವಿದ್ಯಾರ್ಥಿಗಳೇ,

‘ಮಹಾಮಾರಿ ಮತ್ತು ಮಾನವೀಯತೆ’ ಎಂದು ನನಗೆ ವಿಷಯ ಕೊಟ್ಟಿದ್ದೀರಿ. ಅಷ್ಟು ದೊಡ್ಡ ಮಾತು ನನಗೆ ಒಗ್ಗುವುದಿಲ್ಲ. 31 ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಹೇಳಿಕೊಟ್ಟವಳು ನಾನು. ಅದಕ್ಕೇ ಕೊರೊನಾ ಬಂದ 2020ರಲ್ಲಿ ಈ ಉಡುಪಿಯ ಅಂಗಡಿಮುಂಗಟ್ಟುಗಳಲ್ಲಿ ದಿನಕ್ಕೆ ನಾಲ್ಕು ಬಾರಿ ಕಿವಿಗೆ ಬೀಳುತ್ತಿದ್ದ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ: ಯಾರು ತಂದದ್ದು?

ಪ್ರಶ್ನೆಯಲ್ಲಿ ತಪ್ಪಿಲ್ಲ. ಆಶಾ ಕಾರ್ಯಕರ್ತೆಯರು ಉರಿಬಿಸಿಲಿನಲ್ಲಿ ಮನೆ ಮನೆಗೆ ನಡೆದು ಕೇಳಿದ್ದೂ ಇದನ್ನೇ. ಎಲ್ಲಿಂದ ಬಂದಿರಿ, ಯಾವ ಬಸ್ಸು, ಪಕ್ಕದಲ್ಲಿ ಯಾರು ಕುಳಿತಿದ್ದರು? ಮುಂದೆ ಯಾರಿಗೆ ಹರಡೀತು ಎಂದು ತಿಳಿಯಲು ಅವರು ಕೇಳುತ್ತಿದ್ದರು. ನಮಗೆ ಬೈಯಲು ಒಬ್ಬ ಬೇಕಿತ್ತು.

ಆ ಒಬ್ಬ ತಿಂಗಳಿಗೊಮ್ಮೆ ಬದಲಾದ. ಮಾರ್ಚಿನಲ್ಲಿ ದುಬೈಯಿಂದ ಬಂದವನು, ಕೈಮೇಲೆ ಕ್ವಾರಂಟೈನ್ ಮುದ್ರೆ ಒತ್ತಿಸಿಕೊಂಡವನು. ದೆಹಲಿಯ ನಿಜಾಮುದ್ದೀನಿನಲ್ಲಿ ತಬ್ಲೀಗಿ ಜಮಾತ್ ಎಂಬ ಮುಸ್ಲಿಂ ಧಾರ್ಮಿಕ ಸಂಘಟನೆಯ ಸಮಾವೇಶದಲ್ಲಿ ಸೋಂಕು ಹರಡಿದ ಸುದ್ದಿ ಬಂದ ಮೇಲೆ, ಏಪ್ರಿಲಿನಲ್ಲಿ, ಮುಸಲ್ಮಾನ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ಕಾಯ್ದೆಯ ವಿರುದ್ಧದ ಪ್ರತಿಭಟನೆಯ ವೇಳೆ ನಡೆದ ಗೋಲಿಬಾರಿನಲ್ಲಿ ಇಬ್ಬರು ಮುಸಲ್ಮಾನರು ಸತ್ತು ನಾಲ್ಕು ತಿಂಗಳೂ ತುಂಬಿರಲಿಲ್ಲ. ಗಾಯ ಹಸಿಯಾಗಿಯೇ ಇತ್ತು. ವ್ಯಾಪಾರಿಯ ಹೆಸರು ಕೇಳಿ ಒಳಗೆ ಬಿಡುವ ಊರುಗಳು ಈ ಕರಾವಳಿಯಲ್ಲೇ ಹುಟ್ಟಿಕೊಂಡವು. ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ತಬ್ಲೀಗಿ ಸಮಾವೇಶಕ್ಕೆ ಬಂದಿದ್ದ ವಿದೇಶಿಯರ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸಿತು. ಅವರನ್ನು ಬಲಿಪಶು ಮಾಡಿದಂತಿದೆ ಎಂದೂ ಹೇಳಿತು. ನನ್ನ ಮೊಬೈಲಿಗೆ ಆ ತೀರ್ಪನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ.

ಮೇ ತಿಂಗಳಿನಲ್ಲಿ ಬೆರಳು ನಮ್ಮ ಅಂಗಳಕ್ಕೇ ತಿರುಗಿತು. ಅಲ್ಲಿಯವರೆಗೆ ಉಡುಪಿ ಹಸಿರು ವಲಯ, ಅಂದರೆ ಹೊಸ ಸೋಂಕಿಲ್ಲದ ಜಿಲ್ಲೆ. ಮಾರ್ಚಿನಲ್ಲಿ ಕಂಡ ಮೂರು ಪ್ರಕರಣಗಳೂ ಗುಣವಾಗಿದ್ದವು. ಆಮೇಲೆ ಮಹಾರಾಷ್ಟ್ರದಿಂದ ನಮ್ಮ ಮಕ್ಕಳು ಊರಿಗೆ ಬಂದರು. ಜೂನ್ ಆರಂಭಕ್ಕೆ ರಾಜ್ಯದಲ್ಲೇ ಅತಿ ಹೆಚ್ಚು ಪ್ರಕರಣಗಳು ನಮ್ಮ ಜಿಲ್ಲೆಯಲ್ಲಿ. ‘ಮುಂಬೈಯವರು’ ಎಂಬ ಶಬ್ದ ರಾತ್ರೋರಾತ್ರಿ ಬೈಗುಳವಾಯಿತು. ಯಾರು ಈ ಮುಂಬೈಯವರು? ಹೊಟೇಲಿನಲ್ಲಿ ಲೋಟ ತೊಳೆದು ಊರಿಗೆ ಹಣ ಕಳಿಸಿದವರು. ನಮ್ಮ ದೇವಸ್ಥಾನಗಳ ಬ್ರಹ್ಮಕಲಶದ ಆಮಂತ್ರಣ ಪತ್ರಿಕೆ ತೆಗೆದು ನೋಡಿ, ‘ಮುಂಬೈ ಸಮಿತಿ’ ಎಂದು ದಪ್ಪ ಅಕ್ಷರದಲ್ಲಿ ಇರುತ್ತದೆ. ಅವರ ದುಡ್ಡು ಬಂದಾಗ ಯಾರೂ ಗಡಿಯಲ್ಲಿ ತಡೆದಿರಲಿಲ್ಲ.

ನನ್ನ ಅಣ್ಣನ ಮಗ ಹಾಗೆ ಬಂದವನು. ಅವನನ್ನು ಕ್ವಾರಂಟೈನಿಗೆ ಹಾಕಿದ್ದು ನಾನು ಪಾಠ ಮಾಡುತ್ತಿದ್ದ ಶಾಲೆಯಲ್ಲಿ, ನನ್ನದೇ ನಾಲ್ಕನೇ ತರಗತಿಯ ಕೋಣೆಯಲ್ಲಿ. ಫೋನಿನಲ್ಲಿ ಹೇಳಿದ: “ಅತ್ತೆ, ಬೋರ್ಡಿನಲ್ಲಿ ನಿಮ್ಮ ಭಾಗಾಕಾರ ಹಾಗೆಯೇ ಇದೆ. ಶೇಷ ಬರೆದಿಲ್ಲ.”

ಅವನಿಗೆ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ತಲುಪಿಸಬೇಕಿತ್ತು. ನನಗೆ ಸಕ್ಕರೆ ಕಾಯಿಲೆ. ಮುಂದೆ ಬಂದವರು ಪಕ್ಕದ ಮನೆಯವರು. ಏಪ್ರಿಲಿನಿಂದ ನಮ್ಮೊಳಗೆ ಮಾತು ಬಿಟ್ಟಿತ್ತು. ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಮುಸಲ್ಮಾನರ ಬಗ್ಗೆ ‘ಅವರು ಬೇಕೆಂದೇ ಉಗುಳಿ ಹರಡುತ್ತಿದ್ದಾರೆ’ ಎಂಬ ವಿಡಿಯೊಗಳನ್ನು ಹಾಕುತ್ತಿದ್ದವರು ಅವರೇ. “ನೀವು ಮನೆಯಲ್ಲೇ ಇರಿ ಟೀಚರ್. ನಾನು ಹೇಗೂ ಆ ದಾರಿಯಲ್ಲೇ ಹೋಗುವವನು” ಎಂದು ಬುತ್ತಿ ಇಸಿದುಕೊಂಡರು. ಅವರ ಕೆಲಸ ಇದ್ದದ್ದು ತದ್ವಿರುದ್ಧ ದಿಕ್ಕಿನಲ್ಲಿ. ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಸ್ಕೂಟರಿನ ಸದ್ದು. ರಾತ್ರಿ ಒಂಬತ್ತಕ್ಕೆ ಮತ್ತೊಂದು ವಿಡಿಯೊ. ಅದೇ ಕೈ.

ಏನು ಮಾಡಬೇಕಿತ್ತು? ಬುತ್ತಿಯ ಋಣಕ್ಕೆ ಸುಳ್ಳನ್ನು ನುಂಗಿಕೊಳ್ಳುವುದೇ? ಸುಳ್ಳಿನ ಸಿಟ್ಟಿಗೆ ಬುತ್ತಿಯನ್ನು ಬೇಡ ಎನ್ನುವುದೇ? ಎರಡು ರಾತ್ರಿ ಯೋಚಿಸಿ ಒಂದೇ ಸಂದೇಶದಲ್ಲಿ ಬರೆದೆ: “ಈ ವಿಡಿಯೊ ಸುಳ್ಳು. ನಾಳೆ ಗಂಜಿಯ ಬದಲು ಇಡ್ಲಿ ಮಾಡುತ್ತೇನೆ, ಎಂಟಕ್ಕೆ ಬನ್ನಿ.” ಬಂದರು. ವಿಡಿಯೊದ ಬಗ್ಗೆ ತುಟಿ ಬಿಚ್ಚಲಿಲ್ಲ. ಫಾರ್ವರ್ಡುಗಳು ನಿಂತವು ಎಂದು ಹೇಳಿದರೆ ಕೇಳಲು ಚಂದ, ಆದರೆ ನಿಲ್ಲಲಿಲ್ಲ; ಸ್ವಲ್ಪ ಕಡಿಮೆಯಾದವು ಅಷ್ಟೆ.

ನಮ್ಮ ತುಳುನಾಡಿನ ಮಳೆಗಾಲದ ಆಟಿ ತಿಂಗಳಿನಲ್ಲಿ ಕಳೆಂಜನ ವೇಷದವನು ಅಂಗಳಕ್ಕೆ ಬಂದು ಕುಣಿದು ಮಾರಿ ಕಳೆಯುತ್ತಾನೆ, ನಿಮಗೆ ಗೊತ್ತು. ಹಾಗೆ ಕಳೆದ ಮಾರಿ ಎಲ್ಲಿಗೆ ಹೋಗುತ್ತದೆ ಎಂದು ಚಿಕ್ಕಂದಿನಲ್ಲಿ ಅಜ್ಜಿಯನ್ನು ಕೇಳಿದ್ದೆ. “ಗಡಿಯಿಂದಾಚೆ” ಎಂದಿದ್ದರು. ಗಡಿಯಿಂದಾಚೆಯೂ ಒಬ್ಬ ಅಜ್ಜಿ ಇರುತ್ತಾಳೆ ಎಂದು ಹೊಳೆಯುವ ವಯಸ್ಸು ಅದಲ್ಲ. 2020ರ ಮಾರ್ಚ್ ಕೊನೆಗೆ ಕೇರಳದ ಗಡಿಯ ತಲಪಾಡಿಯಲ್ಲಿ ಹೆದ್ದಾರಿ ಮುಚ್ಚಿದಾಗ ನೆನಪಾದದ್ದು ಆ ಮಾತು. ಕಾಸರಗೋಡಿನವರಿಗೆ ಡಯಾಲಿಸಿಸ್ ಇರಲಿ, ಹೃದಯದ ಕಾಯಿಲೆ ಇರಲಿ, ಮಂಗಳೂರೇ ಆಸರೆ. ಗಡಿ ದಾಟಲು ಆಗದೆ ರೋಗಿಗಳು ಸತ್ತರು. ವಿಷಯ ಕೇರಳ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಗಿ, ರೋಗಿಗಳನ್ನು ಬಿಡಲು ನಿಯಮವಾಗುವಷ್ಟರಲ್ಲಿ ಏಪ್ರಿಲ್ ಬಂದಿತ್ತು.

ಮರುವರ್ಷ ಎರಡನೇ ಅಲೆಯಲ್ಲಿ ಊರಿಗೆ ಊರೇ ಉಸಿರಿಗೆ ಬಾಯಿಬಿಡುತ್ತಿದ್ದಾಗ, 2021ರ ಮೇ 5ರಂದು, ನೌಕಾಪಡೆಯ ‘ತಲವಾರ್’ ಹಡಗು ಬಹರೈನಿನಿಂದ 54 ಟನ್ ದ್ರವ ಆಮ್ಲಜನಕವನ್ನು ನವಮಂಗಳೂರು ಬಂದರಿಗೆ ತಂದಿಳಿಸಿತು. ಕೊಲ್ಲಿಯಿಂದ ಬಂದವನನ್ನು ಬೈದ ಕರಾವಳಿ ಇದು. ಯಾರು ತಂದದ್ದು ಎಂದು ಆ ದಿನ ಯಾರೂ ಕೇಳಲಿಲ್ಲ.

ಬೇರೆಯವರ ಕತೆ ಸಾಕು, ನನ್ನದನ್ನೂ ಹೇಳಿಬಿಡುತ್ತೇನೆ. ಲಾಕ್‌ಡೌನಿನಲ್ಲಿ ನಮ್ಮ ಓಣಿಗೆ ಗೂಡ್ಸ್ ರಿಕ್ಷಾದಲ್ಲಿ ತರಕಾರಿ ತರುತ್ತಿದ್ದವನು ಒಬ್ಬ ಬ್ಯಾರಿ ಹುಡುಗ, ಈ ಕರಾವಳಿಯ ಮುಸಲ್ಮಾನ, ನನ್ನಲ್ಲೇ ಓದಿದವನು. ತಿರುವಿನಲ್ಲಿ ಎರಡು ಸಲ ಹಾರ್ನ್ ಹಾಕುತ್ತಿದ್ದ. ಏಪ್ರಿಲಿನಲ್ಲಿ ಮೂರು ವಾರ ನಾನು ಕಿಟಕಿಯಿಂದಲೇ “ಇವತ್ತು ಬೇಡ” ಎಂದೆ. ಆ ವಿಡಿಯೊಗಳನ್ನು ನಾನು ನಂಬಿರಲಿಲ್ಲ. ಆದರೂ ಬೇಡ ಎಂದೆ. ನಾಲ್ಕನೇ ವಾರ ಅವನು ನಮ್ಮ ತಿರುವಿನಲ್ಲಿ ಹಾರ್ನ್ ಹಾಕದೆ ಮುಂದೆ ಹೋದ. ಆ ಮೌನ ಜೂನಿನವರೆಗೂ ನಡೆಯಿತು. ಅಣ್ಣನ ಮಗ ಶಾಲೆಯಿಂದ ಬಿಡುಗಡೆಯಾಗಿ ಬಂದು, ಅವನನ್ನು ಕಂಡು ಎದುರು ಮನೆಯವರು ಕದ ಹಾಕಿಕೊಂಡ ಮರುದಿನ, ನಾನು ಕೊಡೆ ಹಿಡಿದು ರಸ್ತೆಗೆ ಹೋಗಿ ನಿಂತೆ. ರಿಕ್ಷಾ ನಿಂತಿತು. ಕ್ಷಮಿಸು ಎನ್ನಲು ಬಾಯಿ ಬರಲಿಲ್ಲ. “ಅಲಸಂಡೆ ಇದೆ ಟೀಚರ್” ಎಂದ. ಇಬ್ಬರೇ ಇರುವ ಮನೆಗೆ ಎರಡು ಕಿಲೊ ತೂಗಿಸಿಕೊಂಡೆ.