ಚಂದ್ರ, ಕ್ಯಾಮೆರಾ ಮತ್ತು ನಡುವೆ ಒಂದು ಪೈಪಿನ ತುಂಡು

ಎಲ್ಲರಿಗೂ ಶರಣು.

ನಾನು ವಿಜ್ಞಾನಿ ಅಲ್ಲ, ಮೇಷ್ಟ್ರೂ ಅಲ್ಲ. ಇಲ್ಲೇ ಕೊಪ್ಪಳದಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡವನು. ಮದುವೆ, ಸೀಮಂತ, ಜವಳ, ಪಾಸ್‌ಪೋರ್ಟ್ ಸೈಜ್. ನಿಮ್ಮಲ್ಲಿ ಕೆಲವರ ಹಾಲ್ ಟಿಕೆಟ್ ಫೋಟೊ ನಾನೇ ತೆಗೆದದ್ದು. ಅದು ಚೆನ್ನಾಗಿ ಬಂದಿಲ್ಲ ಅಂತ ಸಿಟ್ಟಿದ್ದವರು ಕಾರ್ಯಕ್ರಮ ಮುಗಿದ ಮೇಲೆ ಸಿಗಿ.

ಟೆಲಿಸ್ಕೋಪ್ ನನ್ನ ಕೈಗೆ ಬಂದದ್ದೂ ಒಂದು ಮದುವೆಯಿಂದಲೇ. ಗಿರಾಕಿಯೊಬ್ಬರು ಆಲ್ಬಮ್ಮಿನ ಬಾಕಿ ಕೊಡಬೇಕಿತ್ತು. ಆರು ತಿಂಗಳು ಇವತ್ತು, ನಾಳೆ ಅಂದರು. ಕೊನೆಗೆ ಮಗನಿಗೆ ಕೊಡಿಸಿ ಮೂಲೆಗೆ ಬಿದ್ದಿದ್ದ ಟೆಲಿಸ್ಕೋಪನ್ನೇ ತಂದು ಇಟ್ಟರು. 114 ಮಿಲಿಮೀಟರ್ ಅಗಲದ ಕನ್ನಡಿ, 900 ಮಿಲಿಮೀಟರ್ ಫೋಕಲ್ ಲೆಂಗ್ತ್. ನಿಮ್ಮ ಪಾಠದಲ್ಲಿ ಸಂಗಮದೂರ ಅಂತಾರಲ್ಲ, ಅದೇ. ಆ ರಾತ್ರಿ ಮಾಳಿಗೆ ಹತ್ತಿ ಚಂದ್ರನನ್ನು ನೋಡಿದೆ. ಬಾಕಿ ಹಣ ಮರೆತೇಹೋಯಿತು.

ಫೋಟೊಗ್ರಾಫರ್ ಆದವನು ನೋಡಿ ಸುಮ್ಮನಿರುತ್ತಾನಾ? ಮದುವೆಗೆ ಒಯ್ಯುವ ದೊಡ್ಡ ಕ್ಯಾಮೆರಾ, ಅಂದರೆ ಡಿಎಸ್‌ಎಲ್‌ಆರ್ ಇತ್ತು. ಅದರ ಲೆನ್ಸ್ ಬಿಚ್ಚಿ, ಆ ಜಾಗಕ್ಕೆ ಟಿ-ರಿಂಗ್ ಅನ್ನುವ ಬಳೆ ಹಾಕಿ, ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟು ನೋಡುವ ಮಸೂರ, ಅಂದರೆ ಐಪೀಸ್ ತೆಗೆದು, ಕ್ಯಾಮೆರಾವನ್ನೇ ಟೆಲಿಸ್ಕೋಪಿಗೆ ಸಿಕ್ಕಿಸಬಹುದು ಅಂತ ಓದಿದ್ದೆ. ಆಗ ಟೆಲಿಸ್ಕೋಪೇ ಕ್ಯಾಮೆರಾದ ಲೆನ್ಸ್ ಆಗುತ್ತದೆ. ರಿಂಗ್ ತರಿಸಿದೆ. ಸಿಕ್ಕಿಸಿದೆ. ರಾತ್ರಿ ಹನ್ನೊಂದರಿಂದ ಎರಡರವರೆಗೆ ಫೋಕಸ್ ತಿರುಗಿಸಿದ್ದೇ ತಿರುಗಿಸಿದ್ದು. ಚಂದ್ರ ಹಿಟ್ಟಿನ ಉಂಡೆಯ ಹಾಗೇ ಉಳಿದ. ಕ್ಯಾಮೆರಾ ಕೆಟ್ಟಿದೆ ಅಂದುಕೊಂಡು ಮರುದಿನದ ಮದುವೆಗೆ ಗೆಳೆಯನ ಕ್ಯಾಮೆರಾ ಕೇಳಿ ತಂದೆ!

ಕ್ಯಾಮೆರಾ ಕೆಟ್ಟಿರಲಿಲ್ಲ. ನನ್ನದು ನ್ಯೂಟನ್ ಮಾದರಿಯ ಟೆಲಿಸ್ಕೋಪ್. ಅದರಲ್ಲಿ ಬಿಂಬ ಮೂಡುವ ಜಾಗ ಫೋಕಸರ್, ಅಂದರೆ ಐಪೀಸ್ ಕೂರುವ, ಒಳಗೆ ಹೊರಗೆ ಸರಿಯುವ ಕೊಳವೆಯ ಬಾಯಿಂದ ಸ್ವಲ್ಪವೇ ಆಚೆ ಇರುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಬಿಂಬ ಹಿಡಿಯುವ ಸೆನ್ಸರ್ ಒಳಗೆ ಹೂತಿರುತ್ತದೆ. ಟಿ-ರಿಂಗಿನ ಮುಂಬದಿಯಿಂದ ಸೆನ್ಸರಿಗೆ 55 ಮಿಲಿಮೀಟರ್. ಅಷ್ಟು ಆಳಕ್ಕೆ ಬಿಂಬ ಮುಟ್ಟಬೇಕಾದರೆ ಫೋಕಸರ್ ಇನ್ನೂ ಒಳಗೆ ಹೋಗಬೇಕು. ಅದು ಆಗಲೇ ತಳ ಮುಟ್ಟಿದೆ. ನಾನು ರಾತ್ರಿ ಮೂರು ತಾಸು ತಿರುಗಿಸಿದರೂ ಅಷ್ಟೇ, ಬೆಳಗಿನವರೆಗೆ ತಿರುಗಿಸಿದರೂ ಅಷ್ಟೇ.

ಇದಕ್ಕೆ ಬಾರ್ಲೋ ಮಸೂರ ಅನ್ನುವ ಮದ್ದಿದೆ. ಅದು ಬಿಂಬವನ್ನು ಹೊರಗೆ ತಳ್ಳುತ್ತದೆ, ದೊಡ್ಡದೂ ಮಾಡುತ್ತದೆ. ಒಂದು ಲೆಕ್ಕ ಬರೆದುಕೊಳ್ಳಿ. ಫೋಕಲ್ ಲೆಂಗ್ತನ್ನು 110ರಿಂದ ಭಾಗಿಸಿದರೆ ಸೆನ್ಸರಿನ ಮೇಲೆ ಚಂದ್ರನ ಅಗಲ ಎಷ್ಟು ಅಂತ ಸಿಗುತ್ತದೆ. 900 ಆದರೆ ಸುಮಾರು 8 ಮಿಲಿಮೀಟರ್. ಎರಡು ಪಟ್ಟಿನ ಬಾರ್ಲೋ ಹಾಕಿದರೆ 16. ನನ್ನ ಸೆನ್ಸರಿನ ಎತ್ತರ ಸುಮಾರು 15. ಹುಣ್ಣಿಮೆ ಚಂದ್ರನ ತಲೆ ಚೌಕಟ್ಟಿಗೆ ತಟ್ಟಿತು. ಜೊತೆಗೆ ಕ್ಯಾಮೆರಾ ಭಾರಕ್ಕೆ ಪ್ಲಾಸ್ಟಿಕ್ ಫೋಕಸರ್ ಜೋತುಬಿದ್ದಿತು.

ಆಗ ಕಪಾಟಿನಲ್ಲಿದ್ದ ಹಳೆಯ ಪುಟ್ಟ ಡಿಜಿಟಲ್ ಕ್ಯಾಮೆರಾ ನೆನಪಾಯಿತು. ಅಂಗಿ ಜೇಬಿನಲ್ಲಿ ಹಿಡಿಸುವಂಥದ್ದು. ಮೊಬೈಲ್ ಬಂದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಅದರ ಲೆನ್ಸ್ ಬಿಚ್ಚಲು ಬರುವುದಿಲ್ಲ. ಬಿಚ್ಚುವುದು ಬೇಕಾಗಿಯೂ ಇಲ್ಲ. ಐಪೀಸಿನಿಂದ ಹೊರಬರುವ ಬೆಳಕು ಸಮಾನಾಂತರವಾಗಿರುತ್ತದೆ. ಅಂದರೆ ಬಲು ದೂರದ ಗುಡ್ಡದಿಂದ ಬಂದ ಬೆಳಕಿನ ಹಾಗೆ. ನಮ್ಮ ಕಣ್ಣು ಅದನ್ನು ನೋಡುತ್ತದೆ ಅಂದ ಮೇಲೆ ಕಣ್ಣಿನ ಜಾಗದಲ್ಲಿ ಕ್ಯಾಮೆರಾ ಇಟ್ಟರೆ ಅದೂ ನೋಡಬೇಕು, ಅಲ್ವಾ? ಫೋಕಸನ್ನು ಗುಡ್ಡದ ಗುರುತಿಗೆ, ಅಂದರೆ ಅನಂತಕ್ಕೆ ಇಟ್ಟರಾಯಿತು.

ಇದಕ್ಕೂ ಲೆಕ್ಕವಿದೆ. 900ನ್ನು 25 ಮಿಲಿಮೀಟರ್ ಐಪೀಸಿನಿಂದ ಭಾಗಿಸಿದರೆ 36 ಪಟ್ಟು. ಅದನ್ನು ಕ್ಯಾಮೆರಾ ಲೆನ್ಸಿನ ನಿಜವಾದ ಫೋಕಲ್ ಲೆಂಗ್ತಿನಿಂದ ಗುಣಿಸಿ. ಜೂಮ್ 10 ಮಿಲಿಮೀಟರಿನಲ್ಲಿ ಇದ್ದರೆ 360. 110ರಿಂದ ಭಾಗಿಸಿದರೆ ಚಂದ್ರ 3.3 ಮಿಲಿಮೀಟರ್. ಪುಟ್ಟ ಕ್ಯಾಮೆರಾದ ಸೆನ್ಸರಿನ ಎತ್ತರ 4.3 ಮಿಲಿಮೀಟರ್. ಚಂದ್ರ ಹೇಳಿ ಮಾಡಿಸಿದ ಹಾಗೆ ಕೂತ.

ಲೆಕ್ಕದಲ್ಲಿ ಕೂತ ಅನ್ನಿ. ಕೈಯಲ್ಲಿ ಹಿಡಿದು ತೆಗೆದಾಗ ನೂರಕ್ಕೆ ಒಂದು ಫೋಟೊ ಬಂತು. ನಾನು ಮದುವೆ ಮನೆಯಲ್ಲೇ ಬೆಳೆದವನು, ಅಲ್ಲಿಯ ಮಾತೇ ಹೇಳುತ್ತೇನೆ. ಹುಡುಗ ಒಳ್ಳೆಯವನು, ಹುಡುಗಿ ಒಳ್ಳೆಯವಳು, ಆದರೆ ನಡುವೆ ನಿಂತು ಸಂಬಂಧ ಕುದುರಿಸುವವರು ಸರಿಯಿಲ್ಲದಿದ್ದರೆ ಮದುವೆ ಮುರಿದಂತೆಯೇ. ಜನ ಟೆಲಿಸ್ಕೋಪಿಗೆ ದುಡ್ಡು ಹಾಕುತ್ತಾರೆ, ಕ್ಯಾಮೆರಾಕ್ಕೆ ಹಾಕುತ್ತಾರೆ, ನಡುವಿನ ಜೋಡಣೆಗೆ ನೂರು ರೂಪಾಯಿ ಹಾಕುವುದಿಲ್ಲ.

ನಾನು ಮಾಡಿದ್ದು ಇದು, ನೋಡಿ, ಆ ಕೊನೆಯವರೆಗೂ ಕೈಯಿಂದ ಕೈಗೆ ದಾಟಿಸಿ. ಪಿವಿಸಿ ಪೈಪಿನ ತುಂಡು, ಉದ್ದಕ್ಕೆ ಒಂದು ಸೀಳು. ಒಳಗೆ ಸೈಕಲ್ ಟ್ಯೂಬಿನ ರಬ್ಬರ್. ಐಪೀಸಿನ ತಲೆಗೆ ತೊಡಿಸಿ ಮೇಲೊಂದು ಸ್ಕ್ರೂ ಕ್ಲಾಂಪ್ ಬಿಗಿದರೆ ಅಲ್ಲಾಡುವುದಿಲ್ಲ. ಅದಕ್ಕೆ ಎಲ್ ಆಕಾರದ ಅಲ್ಯೂಮಿನಿಯಂ ಪಟ್ಟಿ. ಪಟ್ಟಿಯಲ್ಲಿ ತೂತು ಅಲ್ಲ, ಉದ್ದನೆಯ ಸೀಳು ಕೊರೆಸಿ. ಕ್ಯಾಮೆರಾದ ತಳದಲ್ಲಿ ಟ್ರೈಪಾಡಿಗೆ ಅಂತ ಕಾಲು ಇಂಚಿನ ತಿರುಪಿನ ತೂತು ಇರುತ್ತದೆ. ಅದಕ್ಕೆ ಹಾಕುವ ತಿರುಪು ಪಟ್ಟಿಯ ಸೀಳಿನಲ್ಲಿ ಹಿಂದೆ ಮುಂದೆ ಸರಿಯಬೇಕು. ನನ್ನ ಮೊದಲ ಪಟ್ಟಿಯಲ್ಲಿ ಬರೀ ತೂತು ಇತ್ತು. ವೆಲ್ಡಿಂಗ್ ಅಂಗಡಿಯವರು ನಕ್ಕರು, ಎರಡನೇ ಸಲಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಯಾಕೆ ಸರಿಯಬೇಕು? ಐಪೀಸಿನ ಹಿಂದೆ ಬೆಳಕೆಲ್ಲ ಒಂದು ಕಡೆ ಪುಟ್ಟ ಬಿಲ್ಲೆಯಾಗಿ ಕೂಡುತ್ತದೆ. ನನ್ನ ಟೆಲಿಸ್ಕೋಪಿನಲ್ಲಿ 114 ಭಾಗಿಸು 36, ಸುಮಾರು 3.2 ಮಿಲಿಮೀಟರ್. ಒಂದು ಕೊತ್ತಂಬರಿ ಕಾಳಿನಷ್ಟು. ಹಗಲು ಹೊತ್ತು ಸೂರ್ಯನಿಲ್ಲದ ದಿಕ್ಕಿಗೆ ಟೆಲಿಸ್ಕೋಪ್ ತಿರುಗಿಸಿ ಐಪೀಸಿನ ಹಿಂದೆ ಬಿಳಿ ಕಾಗದ ಹಿಡಿಯಿರಿ. ಹಿಂದೆ ಮುಂದೆ ಸರಿಸಿದರೆ ಆ ಬಿಲ್ಲೆ ಅಂಚು ಚೂಪಾಗಿ ಕಾಣುವ ಒಂದು ಜಾಗ ಸಿಗುತ್ತದೆ. ಕ್ಯಾಮೆರಾದ ಕಣ್ಣು ಅಲ್ಲಿಗೇ ಬರಬೇಕು. ದೂರ ತಪ್ಪಿದರೆ ಚಂದ್ರನ ಸುತ್ತ ಕಪ್ಪು ಬಳೆ. ನಡು ತಪ್ಪಿದರೆ ಒಂದೇ ಪಕ್ಕದಲ್ಲಿ ಕಪ್ಪು ಕುಡುಗೋಲು. ಕ್ಯಾಮೆರಾ ವಾಲಿದರೆ ಒಂದು ಕಡೆ ಸ್ಪಷ್ಟ, ಇನ್ನೊಂದು ಕಡೆ ಮಸುಕು. ತಪ್ಪು ಏನು ಅಂತ ಫೋಟೊನೇ ಹೇಳುತ್ತದೆ. ಜಾಸ್ತಿ ದೊಡ್ಡದು ಮಾಡುವ ಆಸೆಗೆ 6 ಅಥವಾ 10 ಮಿಲಿಮೀಟರಿನ ಐಪೀಸ್ ಹಾಕಬೇಡಿ. ಸಾಮಾನ್ಯ ಐಪೀಸುಗಳಲ್ಲಿ ಆ ಬಿಲ್ಲೆ ಗಾಜಿಗೆ ಅಂಟಿಕೊಂಡ ಹಾಗೇ ಇರುತ್ತದೆ, ಕ್ಯಾಮೆರಾ ಅಲ್ಲಿಗೆ ಮುಟ್ಟುವುದಿಲ್ಲ. ಒಂದು ಎಚ್ಚರ: ಆನ್ ಮಾಡಿದಾಗ, ಜೂಮ್ ಮಾಡಿದಾಗ ಈ ಕ್ಯಾಮೆರಾಗಳ ಮೂತಿ ಹೊರಬರುತ್ತದೆ. ಪೂರ್ತಿ ಹೊರಬಂದಾಗ ಎಷ್ಟು ಉದ್ದ ಅಂತ ಅಳೆದು ಆಮೇಲೆ ಬಿಗಿಯಿರಿ. ಗಾಜಿಗೆ ಗಾಜು ತಾಗಬಾರದು.

ಕನ್ನಡಕ ಹಾಕುವವರು ಕನ್ನಡಕ ಹಾಕಿಕೊಂಡೇ ಮೊದಲು ಕಣ್ಣಿನಿಂದ ಫೋಕಸ್ ಮಾಡಿ. ತೆಗೆದು ಮಾಡಿದರೆ ನಿಮ್ಮ ನಂಬರನ್ನು ಟೆಲಿಸ್ಕೋಪಿಗೆ ತೊಡಿಸಿದಂತೆ.

ಇನ್ನು ಬೆಳಕು. ರಾತ್ರಿ ಅಂತ ಕ್ಯಾಮೆರಾ ಮೋಸ ಹೋಗುತ್ತದೆ. ಸುತ್ತ ಕಪ್ಪು ನೋಡಿ ಜಾಸ್ತಿ ಹೊತ್ತು ಬೆಳಕು ಕುಡಿಯುತ್ತದೆ, ಚಂದ್ರ ಸುಣ್ಣದ ಉಂಡೆಯಾಗುತ್ತಾನೆ. ಆದರೆ ಚಂದ್ರ ಅಂದರೆ ಬಿಸಿಲು ಬಿದ್ದ ಕಲ್ಲು. ಮಧ್ಯಾಹ್ನ ನಮ್ಮ ಗವಿಮಠದ ಬಂಡೆ ತೆಗೆದ ಹಾಗೇ ತೆಗೆಯಬೇಕು. ಐಎಸ್‌ಒ 100 (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನುವ ಅಳತೆ) ಇಟ್ಟು, ಶಟರ್ ತೆರೆದಿರುವ ಹೊತ್ತನ್ನು ಸೆಕೆಂಡಿನ ನೂರನೇ ಒಂದು ಭಾಗದಿಂದ ಶುರು ಮಾಡಿ, ಕಡಿಮೆ ಮಾಡುತ್ತ ನೋಡಿ. ಬಟನ್ನು ಬೆರಳಿನಿಂದ ಒತ್ತಿದರೆ ಎಲ್ಲ ನಡುಗುತ್ತದೆ. ಎರಡು ಸೆಕೆಂಡಿನ ಟೈಮರ್ ಇಡಿ. ಭೂಮಿ ತಿರುಗುವುದರಿಂದ ಚಂದ್ರ ತನ್ನಷ್ಟೇ ಅಗಲ ಸರಿಯಲು ಎರಡು ನಿಮಿಷ ಸಾಕು. ಆದರೂ ನಮಗೆ ತೊಂದರೆಯಿಲ್ಲ, ನಮ್ಮ ಶಟರ್ ಅಷ್ಟು ಬೇಗ. 1840ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ವಿಲಿಯಂ ಡ್ರೇಪರ್ ಚಂದ್ರನ ಫೋಟೊ ತೆಗೆದಾಗ ಬೆಳ್ಳಿ ತಗಡಿನ ಮೇಲೆ ಸುಮಾರು 20 ನಿಮಿಷ ಬೆಳಕು ಬಿಡಬೇಕಾಯಿತು. ಅಷ್ಟು ಹೊತ್ತೂ ಚಂದ್ರನ ಬೆನ್ನು ಹತ್ತಬೇಕು.

ಹುಣ್ಣಿಮೆಗೆ ಕಾಯಬೇಡಿ. ಆಗ ಸೂರ್ಯ ಅಲ್ಲಿ ನೆತ್ತಿಯ ಮೇಲೆ, ನೆರಳೇ ಇರುವುದಿಲ್ಲ. ಎದುರಿಗೆ ಫ್ಲ್ಯಾಶ್ ಹೊಡೆದ ಮದುಮಗಳ ಮುಖದ ಹಾಗೆ ಸಪ್ಪೆ. ಅಷ್ಟಮಿಯಿಂದ ದಶಮಿವರೆಗೆ ತೆಗೆಯಿರಿ. ಬೆಳಕು, ಕತ್ತಲೆ ಕೂಡುವ ಗೆರೆಯಲ್ಲಿ ಪ್ರತಿ ಕುಳಿಗೂ ನೆರಳು. ದಶಮಿಯ ಹೊತ್ತಿಗೆ ಕೋಪರ್ನಿಕಸ್ ಕುಳಿ ಬೆಳಕಿಗೆ ಬಂದಿರುತ್ತದೆ. ಅಗಲ 93 ಕಿಲೋಮೀಟರ್. ಇಲ್ಲಿಂದ ಹೊರಟು ಹೊಸಪೇಟೆ ದಾಟಿದರೂ ಇನ್ನೂ ಕುಳಿಯೊಳಗೇ ಇರುತ್ತೀರಿ.

ನಮ್ಮ ಕಡೆಯ ಒಂದು ಕಷ್ಟ ಹೇಳಲೇಬೇಕು. ಏಪ್ರಿಲ್, ಮೇನಲ್ಲಿ ಹಗಲೆಲ್ಲ ಕಾದ ಮಾಳಿಗೆ ರಾತ್ರಿ ಬಿಸಿ ಉಗುಳುತ್ತದೆ. ಡಾಂಬರು ರಸ್ತೆಯ ಮೇಲೆ ಗಾಳಿ ಕುಣಿಯುತ್ತದಲ್ಲ, ಚಂದ್ರನೂ ಹಾಗೇ ಕುಣಿಯುತ್ತಾನೆ. ಹೊಲದ ಮಣ್ಣಿನ ಮೇಲೆ ಇಟ್ಟರೆ ಎಷ್ಟೋ ವಾಸಿ. ಟೆಲಿಸ್ಕೋಪನ್ನು ಅರ್ಧ ಗಂಟೆ ಮೊದಲೇ ಹೊರಗೆ ಇಡಿ, ಕನ್ನಡಿ ಆರಲಿ. ಆದರೂ ಕುಣಿದರೆ ಫೋಟೊ ಬಿಟ್ಟು ವಿಡಿಯೊ ಮಾಡಿ. ಸೆಕೆಂಡಿಗೆ 30 ಚಿತ್ರ ಅಂದರೆ ನಿಮಿಷಕ್ಕೆ 1800. ಗಾಳಿ ಒಂದೊಂದು ಕ್ಷಣ ನಿಲ್ಲುತ್ತದೆ. ಆ ಕ್ಷಣದ ಚಿತ್ರಗಳನ್ನು ಮಾತ್ರ ಆರಿಸಿ ಒಂದರ ಮೇಲೊಂದು ಕೂಡಿಸಲು ಆಟೋಸ್ಟ್ಯಾಕರ್ಟ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಮೊಬೈಲ್ ವಿಡಿಯೊಕ್ಕೂ ಇದೇ ದಾರಿ.

ಸೂರ್ಯನ ವಿಷಯ. 1980ರ ಫೆಬ್ರುವರಿ 16ರ ಪೂರ್ಣ ಸೂರ್ಯಗ್ರಹಣಕ್ಕೆ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬಂದು ಬೀಡು ಬಿಟ್ಟಿದ್ದರು. ನಮ್ಮ ಅವ್ವ ಅವತ್ತು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದಳಂತೆ. ಈಗಿನ ಹುಡುಗರು ಅವಸರಕ್ಕೆ ಬರಿ ಟೆಲಿಸ್ಕೋಪನ್ನೇ ಸೂರ್ಯನಿಗೆ ಹಿಡಿಯುತ್ತಾರೆ. ಎರಡೂ ಬೇಡ. ಸೂರ್ಯನಿಗೆಂದೇ ಮಾಡಿದ ಫಿಲ್ಟರ್ ಟೆಲಿಸ್ಕೋಪಿನ ಮುಂಬಾಯಿಗೆ ಇರಬೇಕು. ಐಪೀಸಿಗೆ ತಿರುಪುವ ಪುಟ್ಟ ಕಪ್ಪು ಗಾಜು ಕಾದು ಸೀಳುತ್ತದೆ. ಸೆನ್ಸರ್ ಸುಟ್ಟರೆ ಇನ್ನೊಂದು ಕೊಳ್ಳಬಹುದು, ಕಣ್ಣು ಎಲ್ಲಿ ಕೊಳ್ಳುತ್ತೀರಿ?

ಇವತ್ತು ನವಮಿ. ಟೆಲಿಸ್ಕೋಪನ್ನು ಸಂಜೆಯೇ ಅಂಗಳದಲ್ಲಿ ಇಟ್ಟು ಬಂದಿದ್ದೇನೆ, ಇಷ್ಟೊತ್ತಿಗೆ ಆರಿರುತ್ತದೆ. ಬೇವಿನ ಮರದ ಹಿಂದೆ ಚಂದ್ರ ಇಳಿಯುವ ಮೊದಲು ನಡೆಯಿರಿ. ಐದೈದು ಜನ ಬನ್ನಿ, ಕ್ಲಾಂಪ್ ಮುಟ್ಟಬೇಡಿ. ಮತ್ತೆ ದಯವಿಟ್ಟು ನಿಮ್ಮ ಮೊಬೈಲಿನ ಫ್ಲ್ಯಾಶ್ ಆಫ್ ಮಾಡಿ. ಚಂದ್ರ ಇರುವುದು 3,84,000 ಕಿಲೋಮೀಟರ್ ದೂರದಲ್ಲಿ, ಅಲ್ಲಿಯವರೆಗೆ ಅದು ಮುಟ್ಟುವುದಿಲ್ಲ.