ಬೆರೆಸಿದರೆ ಪವರ್ ಡಬಲ್ ಆಗುತ್ತಂತೆ!

ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ನಾನು ಬ್ಲೀಚ್ ಜೊತೆ ಟಾಯ್ಲೆಟ್ ಕ್ಲೀನರ್ ಬೆರೆಸಿಯೇ ತೊಳೆಯೋದು, ಪವರ್ ಡಬಲ್, ಸುಮ್ನೆ ಹೆದರಿಸಬೇಡಿ." ಅದಕ್ಕೆ ಲೈಕ್ ಬೇರೆ!

ಡಬಲ್ ಆಗುವುದಿಲ್ಲ ಸ್ವಾಮಿ. ಮೂರನೆಯದೊಂದು ಹುಟ್ಟುತ್ತದೆ. ಬ್ಲೀಚ್‌ನಲ್ಲಿರುವುದು ಸೋಡಿಯಂ ಹೈಪೋಕ್ಲೋರೈಟ್. ಅದಕ್ಕೆ ಆಸಿಡ್ ಇರುವ ಕ್ಲೀನರ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಎದುರಾಳಿಗಳ ಮೇಲೆ ಬಿಟ್ಟದ್ದು ಇದೇ ಅನಿಲ. ನೀವು ಅದನ್ನು ಬಾತ್‌ರೂಮಿನ ಬಾಗಿಲು ಹಾಕಿಕೊಂಡು, ಕೈಯಲ್ಲಿ ಬ್ರಷ್ ಹಿಡಿದು ತಯಾರಿಸುತ್ತಿದ್ದೀರಿ. ಭಲೇ!

"ನನಗೇನೂ ಆಗಿಲ್ವಲ್ಲ" ಅಂತೀರಿ. ಕಿಟಕಿ ತೆರೆದಿತ್ತೇನೋ, ಸುರಿದದ್ದು ಕಡಿಮೆ ಇತ್ತೇನೋ. ಕ್ಲೋರಿನ್ ಗಾಳಿಗಿಂತ ಭಾರ, ನೆಲದ ಹತ್ತಿರವೇ ನಿಲ್ಲುತ್ತದೆ. ನೀವು ಕುಕ್ಕರುಗಾಲಲ್ಲಿ ಕೂತು ಉಜ್ಜುವುದೂ ಅಲ್ಲೇ ಅಲ್ವಾ? ಕಣ್ಣು, ಮೂಗು, ಶ್ವಾಸಕೋಶದ ತೇವಕ್ಕೆ ತಾಗಿ ಆಸಿಡ್ ಆಗುತ್ತದೆ, ಉಸಿರಲ್ಲಿ ಜಾಸ್ತಿ ಎಳೆದುಕೊಂಡಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ಗಂಟೆ ಬಿಟ್ಟೂ ಶುರುವಾಗಬಹುದು.

ಇನ್ನು ನೈಸರ್ಗಿಕ ಪಂಡಿತರು. "ನಾವು ವಿನೆಗರ್ ಹಾಕ್ತೀವಿ." ವಿನೆಗರ್ ಕೂಡ ಆಸಿಡ್ಡೇ ಕಣ್ರೀ! ಬ್ಲೀಚ್‌ಗೆ ಬಿದ್ದರೆ ಅದೂ ಕ್ಲೋರಿನ್ ಎಬ್ಬಿಸುತ್ತದೆ. ಅಮೋನಿಯಾ ಬಿದ್ದರೆ ಕ್ಲೋರಮೀನ್, ಅದೂ ಉಸಿರು ಕಟ್ಟಿಸುವಂಥದ್ದೇ. ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಿನೆಗರ್ ಸೇರಿದರೆ ಪೆರಾಸೆಟಿಕ್ ಆಸಿಡ್, ಚರ್ಮ ಸುಡುತ್ತದೆ. ಪ್ರತಿ ಸಲ ಮೂರನೆಯದೊಂದು ಹುಟ್ಟುತ್ತದೆ, ಮೂರನೆಯದು! ಅಡುಗೆ ಸೋಡಾ, ವಿನೆಗರ್ ಬೆರೆಸಿ ನೊರೆ ನೋಡಿ ಕುಣಿಯುವವರನ್ನು ಬಿಡಿ, ಅವರಿಗೆ ಅಪಾಯವಿಲ್ಲ, ಉಪಯೋಗವೂ ಇಲ್ಲ. ಒಂದು ಇನ್ನೊಂದನ್ನು ತಿಂದು ಉಪ್ಪುನೀರಿನಂಥದ್ದು ಉಳಿಯುತ್ತದೆ, ಅಷ್ಟೇ.

ಅಂದಹಾಗೆ ಈ ಎಪಿಸೋಡಿಗೆ ಸ್ಪಾನ್ಸರ್ ಇಲ್ಲ. ಯಾವ ಕ್ಲೀನರ್ ಕಂಪನಿಯೂ ಇನ್ನು ಬರುವುದೂ ಇಲ್ಲ. ಸಬ್‌ಸ್ಕ್ರೈಬ್ ಆದರೂ ಮಾಡಿ.

ಘಾಟು ಹೊಡೆದರೆ ಮೊದಲು ಹೊರಗೆ ಬನ್ನಿ, ಬಕೆಟ್ ಎತ್ತಿಡೋಕೆ ವಾಪಸ್ ಹೋಗಬೇಡಿ. "ಲೇಬಲ್ ಓದೋಕೆ ಟೈಮ್ ಎಲ್ಲಿದೆ?" ಅಂತ ಕೇಳಬೇಡಿ, ನನ್ನ ಮಾತು ಇಷ್ಟು ಹೊತ್ತು ಕೇಳೋಕೆ ಇತ್ತಲ್ಲ! ಬೆರೆಸಬೇಡಿ. ಯಾಕೆ ಅಂದರೆ ಬೆರೆಸಬೇಡಿ, ಮುಗೀತು. ಮುಂದಿನ ವಾರ ಈಜುಕೊಳದ ಕೆಮಿಕಲ್. ಅಲ್ಲಿ ಎರಡು ಬಗೆಯ ಕ್ಲೋರಿನ್ ಪುಡಿ ಬೆರೆತರೆ ಬೆಂಕಿಯೇ ಹತ್ತಬಹುದು. ಆಗಲೂ ಇದನ್ನೇ ಕಿರುಚುತ್ತೇನೆ, ಬೇಜಾರಾದರೆ ಸೌಂಡ್ ಕಮ್ಮಿ ಮಾಡಿಕೊಳ್ಳಿ.