ಡ್ರಮ್ಸ್ ಹಿಂದೆ ಕೂತವನು ಕಂಡದ್ದು

ಕೇಳುಗರೆ, ನಮಸ್ಕಾರ.

ನಾನು ಕೋಲಾರದವನು. ನಮ್ಮೂರಿನ ಒಂದು ಆರ್ಕೆಸ್ಟ್ರಾದಲ್ಲಿ ಒಂಬತ್ತು ವರ್ಷ ಡ್ರಮ್ಸ್ ಬಾರಿಸಿದೆ. ಮಾಲೂರು, ಮುಳಬಾಗಿಲು, ಬಂಗಾರಪೇಟೆ, ಎಲ್ಲೆಲ್ಲಿ ಗಣಪತಿ ಕೂರಿಸ್ತಾರೋ ಅಲ್ಲೆಲ್ಲ ಹೋಗುತ್ತಿದ್ದೆವು. ಆಮೇಲೆ ತಂಡ ಒಡೆಯಿತು. ಅದಕ್ಕೇ ಇರಬೇಕು, ಇಂಗ್ಲೆಂಡಿನ ಬೀಟಲ್ಸ್ ತಂಡದ ಕಥೆ ಓದುವಾಗ ನನ್ನ ಕಣ್ಣು ಮೊದಲು ಹೋಗುವುದು ಡ್ರಮ್ಸ್ ಬಾರಿಸುತ್ತಿದ್ದ ರಿಂಗೋ ಸ್ಟಾರ್ ಕಡೆಗೆ.

ಲಿವರ್‌ಪೂಲ್‌ನ ಹುಡುಗರು ಅವರು. ರಿಂಗೋ ಸೇರಿದ್ದು 1962ರಲ್ಲಿ. ಎರಡೇ ವರ್ಷಕ್ಕೆ ಅಮೆರಿಕದ ಟಿ.ವಿ.ಯಲ್ಲಿ ಅವರನ್ನು ನೋಡಿದವರು ಸುಮಾರು 7.3 ಕೋಟಿ ಜನ! 1965ರಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ 55 ಸಾವಿರ ಜನ ಸೇರಿದರು. ಅವರ ಕಿರುಚಾಟದಲ್ಲಿ ಹಾಡು ಮುಳುಗಿಹೋಯಿತು. ವೇದಿಕೆಯ ಮೇಲೆ ಮಾನಿಟರ್, ಅಂದರೆ ನುಡಿಸುವವರಿಗೆ ತಮ್ಮ ಸದ್ದು ಕೇಳಿಸುವ ಸ್ಪೀಕರ್, ಇಲ್ಲ. ಪಕ್ಕದವನು ಏನು ನುಡಿಸ್ತಿದ್ದಾನೆ ಅಂತ ಪಕ್ಕದವನಿಗೇ ಕೇಳಿಸದು. ಮುಂದೆ ನಿಂತ ಮೂವರ ತಲೆ, ಕಾಲು ಆಡುವುದನ್ನು ನೋಡಿಕೊಂಡು ರಿಂಗೋ ತಾಳ ಹಿಡಿಯುತ್ತಿದ್ದ. ನಾನೂ ಎಷ್ಟೋ ರಾತ್ರಿ ಹಾಗೇ ಬಾರಿಸಿದ್ದೇನೆ. ಸಿಳ್ಳೆ ಜೋರಾದಾಗ ಗಾಯಕರ ಹೆಗಲು ನೋಡುತ್ತಿದ್ದೆ. ಕೈ ನಡುಗುತ್ತೆ ಆಗ.

1966ರ ಆಗಸ್ಟ್‌ನಲ್ಲಿ ಸಾನ್ ಫ್ರಾನ್ಸಿಸ್ಕೋದ ಕಾರ್ಯಕ್ರಮ ಮುಗಿಸಿ ಅವರು ಊರೂರು ಸುತ್ತುವುದನ್ನೇ ಬಿಟ್ಟರು. ಮರುವರ್ಷ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್ ತೀರಿಕೊಂಡ. ಬರೀ 32 ವರ್ಷ. ತಂಡದ ಗಾಯಕ ಜಾನ್ ಲೆನನ್ ಹೆಂಡತಿ ಯೋಕೋ ಓನೋ ಬಂದದ್ದರಿಂದಲೇ ತಂಡ ಒಡೆಯಿತು ಅಂತಾರಲ್ವಾ, ನಾನು ಅದನ್ನು ಒಪ್ಪುವುದಿಲ್ಲ. ಎಪ್‌ಸ್ಟೀನ್ ಜಾಗಕ್ಕೆ ಯಾರು ಅನ್ನುವುದೇ ದೊಡ್ಡ ಜಗಳವಾಯಿತು. ಮೂವರು ಒಬ್ಬನನ್ನು ಬಯಸಿದರು, ಪಾಲ್ ಮೆಕಾರ್ಟ್ನಿ ತನ್ನ ಮಾವನ ಮನೆಯವರನ್ನು. ಕೊನೆಗೆ 1970ರ ಡಿಸೆಂಬರ್ 31ರಂದು ಪಾಲ್ ಕೋರ್ಟಿಗೇ ಹೋದ.

ನಮ್ಮಲ್ಲೂ ಒಬ್ಬರು ಅಣ್ಣ ಇದ್ದರು. ಅಡ್ವಾನ್ಸ್ ಇಸ್ಕೊಳ್ಳೋದು, ಟೆಂಪೋ ಬಾಡಿಗೆ, ಬೆಳಗಿನ ಜಾವ ದುಡ್ಡು ಹಂಚೋದು, ಎಲ್ಲ ಅವರದ್ದೇ. ಅವರು ಹೋದ ಆರು ತಿಂಗಳಿಗೆ ನಾವು ಒಬ್ಬರಿಗೊಬ್ಬರು ಮಾತು ಬಿಟ್ಟೆವು. ಬೈಗುಳ ಬಿದ್ದದ್ದು ಮಾತ್ರ ಹೊಸದಾಗಿ ಬಂದ ಗಾಯಕಿಗೆ. ಪಾಪ, ಆಕೆಯದೇನೂ ತಪ್ಪಿರಲಿಲ್ಲ.

1968ರಲ್ಲಿ ರಿಂಗೋ ಬೇಜಾರಾಗಿ ತಂಡ ಬಿಟ್ಟು ಹೋಗಿದ್ದ. ಬಾ ಅಂತ ಕರೆದರು. ಎರಡು ವಾರಕ್ಕೆ ವಾಪಸ್ ಬಂದಾಗ ಅವನ ಡ್ರಮ್ಸ್ ತುಂಬಾ ಹೂವು! ಇದನ್ನು ಓದಿದ ದಿನ ನಾನು ಪುಸ್ತಕ ಮಡಚಿಟ್ಟು ಸುಮ್ನೆ ಕೂತಿದ್ದೆ.

1969ರ ಜನವರಿ 30. ಲಂಡನ್ನಿನ ತಮ್ಮ ಆಫೀಸಿನ ಮಹಡಿ ಮೇಲೆ ನಾಲ್ವರೂ ನುಡಿಸಿದರು. ಕೊರೆಯುವ ಚಳಿ. ರಿಂಗೋ ಹೆಂಡತಿಯ ಕೆಂಪು ರೇನ್‌ಕೋಟ್ ಹಾಕಿಕೊಂಡು ಕೂತಿದ್ದ. 42 ನಿಮಿಷ. ಜನರ ಎದುರು ಅವರು ಮತ್ತೆ ಒಟ್ಟಿಗೆ ನುಡಿಸಲಿಲ್ಲ.

ನಮ್ಮ ಕೀಬೋರ್ಡ್‌ನವರು ಈಗ ಮಾಲೂರಿನಲ್ಲಿದ್ದಾರೆ. ಹೋದ ಭಾನುವಾರ ನಾನೇ ಫೋನ್ ಮಾಡಿದೆ.